ಆರಿದ ಬಲ್ಬಿನ ಹಿಂದಿನ ಬಲ್ಬು

(ಗಣಪತಿ ಹಬ್ಬಕ್ಕೆ ಮುಂಚೆ ಮಂಡ್ಯದಲ್ಲಿ ಪೆಂಡಾಲ್ ಮತ್ತು ಲೈಟಿಂಗ್ ಕೆಲಸದ ಹುಡುಗರ ಮುಂದೆ ಆಡಿದ ಮಾತಿನ ಬರಹ ರೂಪ.)

ಮೇಜಿನ ಮೇಲೆ ಎರಡು ಸರ ಇಟ್ಟಿದ್ದೇನೆ, ನೋಡಿ. ಎಡಗಡೆಯದು ನಮ್ಮಪ್ಪನ ಕಾಲದ ಸೀರಿಯಲ್ ಸೆಟ್. ಬಲಗಡೆಯದು ನೀವೆಲ್ಲ ಪಿಕ್ಸೆಲ್ ಅಂತ ಕರೆಯುವ ಹೊಸ ಸರ, 50 ಬಲ್ಬಿನದು. ಬಲಗಡೆಯದನ್ನು ಹೇಗೆ ಟೆಸ್ಟ್ ಮಾಡಬೇಕು ಅಂತ ಹೇಳೋದಕ್ಕೆ ನನ್ನನ್ನು ಕರೆದಿದ್ದೀರಿ. ಆದರೆ ನಾನು ಎಡಗಡೆಯದರಿಂದ ಶುರು ಮಾಡುತ್ತೇನೆ.

ಇದಕ್ಕೆ ಸೀರಿಯಲ್ ಸೆಟ್ ಅಂತ ಹೆಸರು ಯಾಕೆ ಬಂತು? ಟಿವಿ ಸೀರಿಯಲ್ಲಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಸೀರಿಯಲ್ ಅಂದರೆ ಸಾಲಾಗಿ, ಒಂದರ ಹಿಂದೆ ಒಂದು. ಆರು ವೋಲ್ಟಿನ ಚಿಕ್ಕ ಬಲ್ಬು. ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿ, 40ರ ಹತ್ತಿರ ಸೇರಿಸಿ, ನೇರವಾಗಿ ಮನೆಯ 230 ವೋಲ್ಟಿಗೆ ಕೊಡುತ್ತಿದ್ದರು. ಒಬ್ಬೊಬ್ಬರಿಗೆ ಆರಾರು ವೋಲ್ಟ್ ಹಂಚಿಹೋಗುತ್ತಿತ್ತು. ಒಂದು ಬಲ್ಬಿನ ತಂತಿ ಕಡಿದರೆ ಇಡೀ ಸರ ಕತ್ತಲು. ದೀಪಾವಳಿ ಹಿಂದಿನ ದಿನ ನಮ್ಮಪ್ಪ ಜಗಲಿ ಮೇಲೆ ಕೂತು, ಒಂದು ಒಳ್ಳೆ ಬಲ್ಬು ಕೈಯಲ್ಲಿ ಹಿಡಿದು, ಒಂದೊಂದು ಹೋಲ್ಡರಿಗೂ ಹಾಕಿ ನೋಡುತ್ತಿದ್ದರು. ಸ್ವಿಚ್ ಆಫ್ ಮಾಡು, ಬಲ್ಬು ಹಾಕು, ಆನ್ ಮಾಡು. ಆ ಆಫ್-ಆನ್ ಕೆಲಸ ನನ್ನದು. ಒಂದು ಸಲ ಹೇಳದೆ ಆನ್ ಮಾಡಿ ಬೆನ್ನಿಗೆ ಒಂದು ಏಟೂ ತಿಂದಿದ್ದೇನೆ. ಟೆಸ್ಟಿಂಗ್ ಅನ್ನೋದು ನನಗೆ ಅಲ್ಲಿಂದ ಶುರು.

ಈಗ ಬಲಗಡೆಯದು. ಇದರಲ್ಲಿ ಕರೆಂಟು ಸೀರಿಯಲ್ ಅಲ್ಲ. ಎಲ್ಲ ಬಲ್ಬಿಗೂ ಐದು ವೋಲ್ಟ್ ಸಮಾನಾಂತರವಾಗಿ ಹೋಗುತ್ತದೆ. ಆದರೆ ಇದರೊಳಗೆ ಮೂರನೇ ವೈರ್ ಒಂದಿದೆ ಅಲ್ವಾ? ಡೇಟಾ ವೈರ್. ಅದು ಮಾತ್ರ ಅಪ್ಪಟ ಸೀರಿಯಲ್. ಅಪ್ಪನ ಕಾಲದ ಹೆಸರು ಸುತ್ತಿ ಬಳಸಿ ಮತ್ತೆ ನಿಜವಾಯಿತು.

ಊಟದ ಪಂಕ್ತಿಯಲ್ಲಿ ಬಾಳೆ ಎಲೆಯ ಕಟ್ಟನ್ನು ತುದಿಯಲ್ಲಿ ಕೂತವನ ಕೈಗೆ ಕೊಡುತ್ತೀರಿ. ಅವನು ಮೇಲಿನ ಒಂದು ಎಲೆ ತನ್ನ ಮುಂದೆ ಹಾಸಿಕೊಂಡು ಕಟ್ಟನ್ನು ಪಕ್ಕದವನಿಗೆ ದಾಟಿಸುತ್ತಾನೆ. ಅವನೂ ಹಾಗೇ ಮಾಡುತ್ತಾನೆ. ಪಿಕ್ಸೆಲ್ ಬಲ್ಬು ಮಾಡೋದು ಇಷ್ಟೇ. ಪ್ರತಿ ಬಲ್ಬಿನೊಳಗೂ ಒಂದು ಚಿಪ್ ಇದೆ. ವೈರಿನಲ್ಲಿ ಬಿಡಿಬಿಡಿಯಾಗಿ ಇರುವ ಗುಂಡಿನಾಕಾರದ ನಮ್ಮ ಬುಲೆಟ್ ಬಲ್ಬುಗಳಲ್ಲಿ ಸಾಮಾನ್ಯವಾಗಿ ಡಬ್ಲ್ಯುಎಸ್ 2811, ಚಪ್ಪಟೆ ಪಟ್ಟಿಯಲ್ಲಿ ಬರುವುದು ಡಬ್ಲ್ಯುಎಸ್ 2812ಬಿ. ಬಲ್ಬುಗಳನ್ನು ಕುಣಿಸುವ ಡಬ್ಬಿ, ಅಂದರೆ ಕಂಟ್ರೋಲರ್, ಒಂದೇ ಉಸಿರಿಗೆ ಎಲ್ಲರ ಬಣ್ಣವನ್ನೂ ಕಳಿಸುತ್ತದೆ. ಮೊದಲ ಬಲ್ಬು ಮೊದಲ 24 ಬಿಟ್, ಅಂದರೆ 24 ಸೊನ್ನೆ-ಒಂದುಗಳನ್ನು, ತಾನು ಇಟ್ಟುಕೊಳ್ಳುತ್ತದೆ. ಕೆಂಪಿಗೆ 8, ಹಸಿರಿಗೆ 8, ನೀಲಿಗೆ 8. ಉಳಿದದ್ದನ್ನು ಮುಂದಕ್ಕೆ ತಳ್ಳುತ್ತದೆ. ವೇಗ ಸೆಕೆಂಡಿಗೆ 8 ಲಕ್ಷ ಬಿಟ್. ಲೆಕ್ಕ ಹಾಕಿದರೆ ಒಂದು ಬಲ್ಬಿಗೆ 30 ಮೈಕ್ರೋಸೆಕೆಂಡ್. ಒಂದೇ ಸಾಲಿನಲ್ಲಿ 1000 ಬಲ್ಬು ಜೋಡಿಸಿದರೆ ಒಂದು ಚಿತ್ರ ಬದಲಾಗಲು 30 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ 33 ಚಿತ್ರ. ಇನ್ನೂ ಉದ್ದ ಮಾಡಿದರೆ ಓಟ ಕುಂಟುತ್ತದೆ. ಆಗ ಎರಡು ಸಾಲು ಮಾಡಿ.

ಪಂಕ್ತಿಯಲ್ಲಿ ಒಬ್ಬ ನಿದ್ದೆ ಹೋದರೆ? ಅವನ ಆಚೆ ಇರುವ ಯಾರಿಗೂ ಎಲೆ ಇಲ್ಲ. ಪಿಕ್ಸೆಲ್ ಸರದಲ್ಲಿ ಒಂದು ಕಡೆಯಿಂದ ಮುಂದಕ್ಕೆ ಪೂರ್ತಿ ಕತ್ತಲಾಗೋದು ಹೀಗೆ.

ಇದರಲ್ಲಿ ನಾನು ಒಂದು ರಾತ್ರಿ ಪೂರ್ತಿ ಕಳೆದುಕೊಂಡಿದ್ದೇನೆ. ಬಿದಿರಿನ ಏಣಿ ಮೇಲೆ, ಕಮಾನಿನ ತುದಿಯಲ್ಲಿ. 37ನೇ ಬಲ್ಬಿನವರೆಗೆ ಚೆನ್ನಾಗಿ ಉರಿಯುತ್ತಿದೆ. 38ರಿಂದ ಕತ್ತಲು. ನೀವಾದರೆ ಯಾವುದನ್ನು ಬದಲಿಸುತ್ತೀರಿ? 38 ಅಲ್ವಾ? ನಾನೂ ಅದನ್ನೇ ಕತ್ತರಿಸಿದೆ. ಮೂರು ವೈರ್ ಸುಲಿದು, ಹೊಸ ಬಲ್ಬು ಸೋಲ್ಡರ್ ಮಾಡಿ, ಟೇಪ್ ಸುತ್ತಿ ಇಳಿದೆ. ಆನ್ ಮಾಡಿದರೆ 38ರಿಂದ ಕತ್ತಲು. ನನ್ನ ಸೋಲ್ಡರ್ ಸರಿ ಇಲ್ಲ ಅಂದುಕೊಂಡು ಮತ್ತೆ ಹತ್ತಿದೆ. ಇನ್ನೊಂದು ಬಲ್ಬು ಹಾಕಿದೆ. ಮತ್ತೆ ಅದೇ. ಕೆಳಗೆ ಏಣಿ ಹಿಡಿದಿದ್ದ ಹುಡುಗ ಕೊನೆಗೆ ಕೇಳಿದ: "ಅಣ್ಣಾ, ಹಿಂದಿನದು ಕೊಡ್ತಾ ಇದೆಯೋ ಇಲ್ವೋ ನೋಡಿದ್ರಾ?"

ಅವನು ಹೇಳಿದ್ದೇ ಸರಿ. 37 ತನ್ನ ಎಲೆ ತಾನು ಹಾಸಿಕೊಂಡಿತ್ತು. ಚೆನ್ನಾಗಿ ಉರಿಯುತ್ತಿತ್ತು. ಮುಂದಕ್ಕೆ ದಾಟಿಸುವ ಅದರ ಕೈ ಮಾತ್ರ ಸತ್ತಿತ್ತು. ಚಿಪ್ಪಿನ ಔಟ್‌ಪುಟ್ ಕಾಲು ಹೋಗಿತ್ತು. ಕತ್ತಲು ಶುರುವಾಗುವ ಜಾಗದಲ್ಲಿ ಯಾವಾಗಲೂ ಮೂವರು ಅನುಮಾನಿತರು: ಆರಿದ ಮೊದಲ ಬಲ್ಬು, ಉರಿಯುತ್ತಿರುವ ಕೊನೆಯ ಬಲ್ಬು, ಇಬ್ಬರ ನಡುವಿನ ಜಾಯಿಂಟ್. ನನ್ನ ಅನುಭವದಲ್ಲಿ ಜಾಯಿಂಟ್ ಮೊದಲು. ಬೆರಳಲ್ಲಿ ಹಿಡಿದು ಮೆಲ್ಲಗೆ ಬಾಗಿಸಿ. ಮಿಣುಕಿದರೆ ಕಳ್ಳ ಸಿಕ್ಕಿಬಿದ್ದ.

ಇಲ್ಲಿ ಮೈಸೂರು ಅರಮನೆ ನೆನಪಾಗುತ್ತದೆ. ಅಲ್ಲಿ ಸುಮಾರು ಒಂದು ಲಕ್ಷ ಬಲ್ಬಿದೆ. ಭಾನುವಾರ ಸಂಜೆ ಒಮ್ಮೆಗೇ ಹೊತ್ತಿಕೊಂಡಾಗ ಜನ "ಓ" ಅನ್ನುತ್ತಾರೆ. ನಾನು ನೂರು ಸಲ ನೋಡಿದ್ದೇನೆ, ಈಗಲೂ "ಓ" ಅನ್ನುತ್ತೇನೆ. ಅಲ್ಲಿ ಒಂದು ಬಲ್ಬು ಹೋದರೆ ಅದೊಂದೇ ಕತ್ತಲು. ಪಕ್ಕದವನಿಗೆ ಗೊತ್ತೂ ಆಗಲ್ಲ. ಬಣ್ಣ ಒಂದೇ, ಕುಣಿತ ಇಲ್ಲ. ನಮಗೆ ಕುಣಿತ ಬೇಕು, ನವಿಲು ಗರಿ ಬಿಚ್ಚಬೇಕು, ಗಣಪತಿಯ ಇಲಿ ಓಡಬೇಕು. ಆ ಆಸೆಗೆ ತೆರುವ ಬೆಲೆ ಈ ಮೂರನೇ ವೈರ್. ಪಕ್ಕದಲ್ಲೇ ಇನ್ನೊಂದು ಬದಲಿ ಡೇಟಾ ವೈರ್ ಇರುವ 2813, 2815 ಪಟ್ಟಿಗಳು ಬಂದಿವೆ. ಅದರಲ್ಲಿ ಒಬ್ಬ ಮಲಗಿದರೂ ಅವನ ತಲೆ ಮೇಲಿಂದ ಎಲೆ ದಾಟುತ್ತದೆ. ದುಡ್ಡು ಸ್ವಲ್ಪ ಜಾಸ್ತಿ. ಕೈಗೆಟುಕದ ಜಾಗಕ್ಕೆ, ಗೋಪುರದ ತುದಿಗೆ ಅದನ್ನೇ ಹಾಕಿ ಅಂತ ನಾನು ಹೇಳುತ್ತೇನೆ.

ಸರಿ, ಟೆಸ್ಟಿಂಗಿಗೆ ಬರೋಣ. ಅಂಗಡಿಯಿಂದ ತಂದ ತಕ್ಷಣ ಏನು ಮಾಡುತ್ತೀರಿ? ಪೊಟ್ಟಣ ಹರಿದು, ಮೆಮೊರಿ ಕಾರ್ಡಿನ ಕಂಟ್ರೋಲರ್ ಡಬ್ಬಿಗೆ ಸಿಕ್ಕಿಸಿ, ಕಾಮನಬಿಲ್ಲು ಓಡಿದರೆ "ಓಕೆ ಅಣ್ಣ" ಅನ್ನುತ್ತೀರಿ. ಕಾಮನಬಿಲ್ಲು ಓಡಿಸಿ ನೋಡುವುದು ಟೆಸ್ಟೇ ಅಲ್ಲ. ಅದು ತುಂಬಾ ಸುಲಭದ ಪರೀಕ್ಷೆ. ಎಷ್ಟೊಂದು ಬಣ್ಣ ಒಟ್ಟಿಗೆ ಓಡುವಾಗ ಒಂದು ಬಲ್ಬಿನ ನೀಲಿ ಸತ್ತಿದ್ದರೆ ನಿಮ್ಮ ಕಣ್ಣಿಗೆ ಗೊತ್ತೇ ಆಗಲ್ಲ. ಒಂದೊಂದೇ ಬಣ್ಣ ಹಾಕಿ. ಇಡೀ ಸರ ಕೆಂಪು. ನಿಲ್ಲಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಿಟ್ಟುಕೊಂಡು ನೋಡಿ. ಆಮೇಲೆ ಹಸಿರು. ಆಮೇಲೆ ನೀಲಿ. ಕೆಂಪು ಕೇಳಿದರೆ ಹಸಿರು ಬಂತು ಅಂತ ಗಾಬರಿಯಾಗಬೇಡಿ, ಬಲ್ಬು ಕೆಟ್ಟಿಲ್ಲ. 2812ಬಿ ಹಸಿರನ್ನು ಮೊದಲು ಓದುತ್ತದೆ, ಕೆಂಪು ಎರಡನೆಯದು. 2811 ಬುಲೆಟ್ಟುಗಳು ಹೆಚ್ಚಾಗಿ ಕೆಂಪು ಮೊದಲು. ಕಂಟ್ರೋಲರಿನಲ್ಲಿ ಬಣ್ಣದ ಸರದಿ ಬದಲಿಸಿದರೆ ಮುಗಿಯಿತು. ಆದರೆ ಒಂದೇ ಕಮಾನಿಗೆ ಎರಡು ಥರದ್ದು ಬೆರೆಸಬೇಡಿ.

ಮೂರು ಬಣ್ಣ ಆದಮೇಲೆ ಬಿಳಿ. ಪೂರ್ತಿ ಬಿಳಿ, ಪೂರ್ತಿ ಬೆಳಕು. ಇದು ಯಾಕೆ ಅಂತ ಹೇಳಬೇಕಾದರೆ ನನ್ನ ಮರ್ಯಾದೆ ಹೋದ ಕತೆ ಹೇಳಬೇಕು.

ಮದ್ದೂರಿನ ಕಡೆ ಒಂದು ಊರು. 600 ಬಲ್ಬಿನ ಕಮಾನು. ಅಂಗಡಿಯಲ್ಲೇ ಎಲ್ಲ ಸರಗಳನ್ನೂ ಕೂಡಿಸಿ ಟೆಸ್ಟ್ ಮಾಡಿದೆ, ಆದರೆ ಕೆಂಪಿನಲ್ಲಿ ಮಾತ್ರ. ಚೆನ್ನಾಗಿ ಉರಿಯಿತು. ಒಂದು ಬಣ್ಣಕ್ಕೆ ಒಂದು ಬಲ್ಬು ಹೆಚ್ಚೆಂದರೆ 20 ಮಿಲಿಆಂಪ್ ಎಳೆಯುತ್ತದೆ. 600 ಬಲ್ಬಿಗೆ 12 ಆಂಪ್. ನನ್ನ ಹತ್ತಿರ ಇದ್ದದ್ದು 20 ಆಂಪಿನ ಸಪ್ಲೈ, ಅಂದರೆ 230 ವೋಲ್ಟನ್ನು ಐದಕ್ಕೆ ಇಳಿಸಿ ಕೊಡುವ ಡಬ್ಬಿ. ಸಾಕಲ್ಲ ಅಂದುಕೊಂಡೆ. ಊರಲ್ಲಿ ಎರಡು ಗಂಟೆ ಎಲ್ಲ ಸರಿಯಾಗಿತ್ತು. ಮಹಾಮಂಗಳಾರತಿ ಹೊತ್ತಿಗೆ ಯಾರೋ ಹುಡುಗರು ಉತ್ಸಾಹದಲ್ಲಿ ಪೂರ್ತಿ ಬಿಳಿ ಒತ್ತಿದರು. ಬಿಳಿ ಅಂದರೆ ಮೂರೂ ಬಣ್ಣ ಒಟ್ಟಿಗೆ. ಬಲ್ಬಿಗೆ 60 ಮಿಲಿಆಂಪ್, ಒಟ್ಟು 36 ಆಂಪ್. ಸಪ್ಲೈ ತನ್ನನ್ನು ತಾನು ಕಾಪಾಡಿಕೊಳ್ಳಲು ಆಫ್ ಆಯಿತು, ಮತ್ತೆ ಆನ್ ಆಯಿತು, ಮತ್ತೆ ಆಫ್. ಇಡೀ ಕಮಾನಿಗೆ ಬಿಕ್ಕಳಿಕೆ ಬಂದ ಹಾಗಿತ್ತು. ಪೂಜೆಯವರು ಆರತಿ ತಟ್ಟೆ ಹಿಡಿದೇ ಮೇಲೆ ನೋಡಿದರು. ಊರಿನ ಹಿರಿಯರೊಬ್ಬರು "ಡಿಸೈನ್ ಚೆನ್ನಾಗಿದೆ ಕಣಪ್ಪ" ಅಂದರು. ಅವರು ತಮಾಷೆಗೆ ಅಂದರೋ ನಿಜವಾಗಿ ಅಂದರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಹಾಗಾಗಿ ಸಪ್ಲೈ ಲೆಕ್ಕ ಬಿಳಿಯಲ್ಲೇ ಹಾಕಿ. 50 ಬಲ್ಬಿನ ಒಂದು ಸರಕ್ಕೆ 3 ಆಂಪ್, 15 ವ್ಯಾಟ್. ಮತ್ತೆ ಸಪ್ಲೈ ಮೇಲೆ ಬರೆದ ಅಂಕಿಯ ನೂರಕ್ಕೆ 80ಕ್ಕಿಂತ ಜಾಸ್ತಿ ಎಳೆಯಬೇಡಿ. ಬೆಳಕನ್ನು ಅರ್ಧಕ್ಕೆ ಮಿತಿ ಮಾಡಿ ಓಡಿಸುವವರೂ ಇದ್ದಾರೆ, ಅದು ಜಾಣತನ. ನಮ್ಮ ಕಣ್ಣಿಗೆ ಅರ್ಧ ಕರೆಂಟು ಅರ್ಧ ಬೆಳಕಾಗಿ ಕಾಣಲ್ಲ, ಮುಕ್ಕಾಲಿನ ಹತ್ತಿರ ಕಾಣುತ್ತದೆ. ಆದರೂ ಟೆಸ್ಟ್ ಮಾತ್ರ ಪೂರ್ತಿಯಲ್ಲೇ.

ಬಿಳಿ ಹಾಕಿದಾಗ ಸರದ ಕೊನೆಯನ್ನು ನೋಡಿ. ಇಲ್ಲಿ ನಾನು ಹಾಕಿದ್ದೇನೆ. ಮೊದಲ ಬಲ್ಬು ಹಾಲಿನ ಹಾಗಿದೆ. ಕೊನೆಯದು? ಹಳದಿ, ಅಲ್ವಾ? ಇನ್ನೊಂದು ಸರ ಕೂಡಿಸುತ್ತೇನೆ. ಈಗ ಆ ತುದಿ ಕೆಂಪಿಗೆ ತಿರುಗಿತು. ಬಲ್ಬು ಕೆಟ್ಟಿಲ್ಲ. ವೈರ್ ಸಣ್ಣದು, ದಾರಿಯಲ್ಲಿ ವೋಲ್ಟ್ ಸೋರಿಹೋಗುತ್ತಿದೆ. ಕೆಂಪು ಎಲ್‌ಇಡಿಗೆ 2 ವೋಲ್ಟ್ ಸಾಕು. ನೀಲಿಗೂ ಹಸಿರಿಗೂ 3 ವೋಲ್ಟಿನ ಹತ್ತಿರ ಬೇಕು. ವೋಲ್ಟ್ ಕಮ್ಮಿಯಾದರೆ ಮೊದಲು ಅವರಿಬ್ಬರೂ ಸೊರಗುತ್ತಾರೆ, ಕೆಂಪು ಉಳಿಯುತ್ತದೆ.

ಮಂಡ್ಯದವರಿಗೆ ಇದನ್ನು ವಿವರಿಸಬೇಕಾ? ವಿಶ್ವೇಶ್ವರಯ್ಯ ನಾಲೆ ಕೆಆರ್‌ಎಸ್‌ನಿಂದ ಹೊರಡುತ್ತದೆ. ಮೇಲಿನವರ ಗದ್ದೆ ತುಂಬುತ್ತದೆ. ಮಳವಳ್ಳಿ, ಮದ್ದೂರಿನ ಕೊನೆ ಭಾಗದವರು ನೀರು ಬಂತಾ ಅಂತ ತೂಬಿನ ಹತ್ತಿರ ಕಾಯುತ್ತಾರೆ. ನಿಮ್ಮ ಸರದ 50ನೇ ಬಲ್ಬು ಕೊನೆ ಭಾಗದ ರೈತ. ಅವನಿಗೆ ನೀರು ಎಷ್ಟು ಸಿಕ್ಕಿತು ಅಂತ ಮೀಟರ್ ಇಟ್ಟು ನೋಡಬೇಕು. ಇಲ್ಲಿ ಈಗ ಒಂದು ಸರದ ತುದಿಯಲ್ಲಿ 4.2 ವೋಲ್ಟ್ ತೋರಿಸುತ್ತಿದೆ. ಅಂದರೆ 0.8 ವೋಲ್ಟ್ ದಾರಿಯಲ್ಲಿ ಹೋಯಿತು. ಎರಡು ಸರ ಕೂಡಿಸಿದರೆ ಈ ಇಳಿತ ಎರಡು ಪಟ್ಟಾಗುತ್ತೆ ಅಂದುಕೊಳ್ಳುತ್ತೀರಿ. ಇಲ್ಲ. ದಾರಿಯೂ ಎರಡು ಪಟ್ಟು, ಹರಿಯುವ ಕರೆಂಟೂ ಎರಡು ಪಟ್ಟು. ಲೆಕ್ಕಕ್ಕೆ ನಾಲ್ಕು ಪಟ್ಟು. ಬಲ್ಬುಗಳು ಮಂಕಾಗಿ ಕಮ್ಮಿ ಎಳೆಯುವುದರಿಂದ ಅಷ್ಟು ಆಗಲ್ಲ, ಆದರೆ ಕಣ್ಣಿಗೆ ಕಾಣುವಷ್ಟು ಖಂಡಿತ ಆಗುತ್ತದೆ. ಪರಿಹಾರ ಸುಲಭ. ಪ್ರತಿ 50 ಬಲ್ಬಿಗೊಮ್ಮೆ ಸಪ್ಲೈಯಿಂದ ದಪ್ಪ ವೈರ್ ತಂದು ಮತ್ತೆ ಐದು ವೋಲ್ಟ್ ಕೊಡಿ. ಎರಡು ಸಪ್ಲೈ ಬಳಸಿದರೆ ಮೈನಸ್ಸುಗಳನ್ನು ಕೂಡಿಸಿ, ಪ್ಲಸ್ಸುಗಳನ್ನು ಕೂಡಿಸಬೇಡಿ.

12 ವೋಲ್ಟಿನ ಬಲ್ಬು ತರಬಹುದಲ್ಲ ಅಂತ ಹಿಂದೆ ಕೂತವರು ಕೇಳುತ್ತಿದ್ದಾರೆ. ತರಬಹುದು. ಅದು ದೂರಕ್ಕೆ ಚೆನ್ನಾಗಿ ಹೋಗುತ್ತದೆ. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದರು. ನೂರೈವತ್ತು ಕಿಲೋಮೀಟರಿನ ಹತ್ತಿರ. ಹೇಗೆ ಕಳಿಸಿದರು? ಸಾವಿರಾರು ವೋಲ್ಟಿಗೆ ಏರಿಸಿ. ವೋಲ್ಟ್ ಜಾಸ್ತಿ ಮಾಡಿದರೆ ಅಷ್ಟೇ ಕೆಲಸಕ್ಕೆ ಕಮ್ಮಿ ಆಂಪ್ ಸಾಕು, ದಾರಿಯಲ್ಲಿ ನಷ್ಟ ಕಮ್ಮಿ. ಆದರೆ ಬುಲೆಟ್ ಬಲ್ಬಿನಲ್ಲಿ ಒಂದು ಮೋಸ ಇದೆ. ಎಲ್‌ಇಡಿಗೆ ಬೇಕಾದ್ದು ಆಗಲೇ ಹೇಳಿದ ಎರಡು ಮೂರು ವೋಲ್ಟ್. 12 ಕೊಟ್ಟರೆ ಉಳಿದದ್ದು ಸುಮ್ನೆ ಬಿಸಿಯಾಗಿ ಹೋಗುತ್ತದೆ. ಆಂಪ್ ಏನೂ ಇಳಿಯಲ್ಲ, ವ್ಯಾಟ್ ಮಾತ್ರ ಏರುತ್ತದೆ. ಹಾಗಂತ ಬೇಡ ಅನ್ನಲ್ಲ. ದಾರಿಯಲ್ಲಿ ಒಂದೆರಡು ವೋಲ್ಟ್ ಸೋರಿದರೂ ಬಲ್ಬಿಗೆ ಸಾಕಾಗುವಷ್ಟು ಉಳಿಯುತ್ತದೆ, ಹಾಗಾಗಿ ಹತ್ತಾರು ಮೀಟರ್ ದೂರ ಎಳೆಯಬೇಕಾದ ಕಡೆ ನಾನೂ 12 ವೋಲ್ಟಿನದೇ ಹಾಕುತ್ತೇನೆ. ಸಪ್ಲೈ ಮಾತ್ರ ದೊಡ್ಡದು ಬೇಕು.

ಮೀಟರ್ ಅಂದೆ. ಕರೆಂಟು ಅಳೆಯಲು ಕೆಂಪು ವೈರನ್ನು 10 ಆಂಪಿನ ತೂತಿಗೆ ಹಾಕಿ, ಸರದ ಜೊತೆ ಸಾಲಾಗಿ ಜೋಡಿಸಬೇಕು. ಅಳೆದು ಮುಗಿದ ತಕ್ಷಣ ಆ ವೈರನ್ನು ವಾಪಸ್ ವೋಲ್ಟಿನ ತೂತಿಗೆ ಹಾಕಿ. ಮರೆತು ಸಪ್ಲೈಗೆ ಅಡ್ಡ ಇಟ್ಟರೆ "ಠಪ್" ಅನ್ನುತ್ತದೆ. ನಗುತ್ತಿರುವವರೆಲ್ಲ ಮಾಡಿದ್ದೀರಿ ಅಂತ ಗೊತ್ತಾಯಿತು.

ಇನ್ನೊಂದು ಅಳತೆ ಯಾರೂ ಮಾಡಲ್ಲ. ಎಲ್ಲ ಬಲ್ಬನ್ನೂ ಕಪ್ಪು ಮಾಡಿ ಅಳೆಯಿರಿ. ಬೆಳಕಿಲ್ಲದಿದ್ದರೂ ಚಿಪ್ಪುಗಳು ಎಚ್ಚರವಾಗಿರುತ್ತವೆ, ಬಲ್ಬಿಗೆ ಒಂದು ಮಿಲಿಆಂಪಿನ ಆಸುಪಾಸು. 50ರ ಸರಕ್ಕೆ 50 ಮಿಲಿಆಂಪ್ ಬಂದರೆ ಸರಿ. 200, 300 ಬಂತು ಅಂದರೆ ಒಳಗೆಲ್ಲೋ ಸೋರುತ್ತಿದೆ. ಮಳೆಗೆ ಸಿಕ್ಕಿದ ಹಳೆ ಸರಗಳಲ್ಲಿ ಇದನ್ನು ನೋಡಿದ್ದೇನೆ. ಉರಿಸಿ ನೋಡಿದರೆ ಏನೂ ತೊಂದರೆ ಕಾಣಲ್ಲ. ಹದಿನೈದು ದಿನದಲ್ಲಿ ಸಾಯುತ್ತದೆ.

ಮಿಣುಕುವುದು ಬೇರೆ ರೋಗ. ಪೆಂಡಾಲಿನಲ್ಲಿ ಬಲ್ಬುಗಳು ಮನಸ್ಸಿಗೆ ಬಂದ ಬಣ್ಣ ತೋರಿಸುತ್ತವೆ, ಅಂಗಡಿಯಲ್ಲಿ ಸರಿಯಾಗಿತ್ತು ಅಂತ ನನಗೆ ಫೋನು ಬರುತ್ತದೆ. ನಾನು ಕೇಳುವ ಮೊದಲ ಪ್ರಶ್ನೆ: ಕಂಟ್ರೋಲರಿನಿಂದ ಮೊದಲ ಬಲ್ಬಿಗೆ ವೈರ್ ಎಷ್ಟುದ್ದ? ಅಂಗಡಿಯಲ್ಲಿ ಅರ್ಧ ಅಡಿ, ಪೆಂಡಾಲಿನಲ್ಲಿ 20 ಅಡಿ. ಟೆಸ್ಟ್ ಮಾಡುವಾಗಲೇ ಆ 20 ಅಡಿ ವೈರ್ ಹಾಕಿ ಟೆಸ್ಟ್ ಮಾಡಬೇಕಿತ್ತು. ಐದು ವೋಲ್ಟಿನ ಚಿಪ್ಪಿಗೆ ಡೇಟಾ "ಒಂದು" ಅಂತ ಅರ್ಥವಾಗಲು 3.5 ವೋಲ್ಟ್ ಬೇಕು. ಇಎಸ್‌ಪಿ ಅನ್ನುವ ಚಿಕ್ಕ ಕಂಪ್ಯೂಟರ್ ಬೋರ್ಡಿನಲ್ಲಿ ನೀವೇ ಮಾಡಿಕೊಂಡ ಕಂಟ್ರೋಲರ್ ಕೊಡುವುದು 3.3. ಅರ್ಧ ಅಡಿಯಲ್ಲಿ ಹೇಗೋ ನಡೆದುಹೋಗುತ್ತದೆ. 20 ಅಡಿಯಲ್ಲಿ ನಡೆಯಲ್ಲ. 74ಎಚ್‌ಸಿಟಿ125 ಅಂತ ಒಂದು ಚಿಪ್ ಇದೆ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ, ದೊಡ್ಡ ದುಡ್ಡೇನಲ್ಲ. 3.3ನ್ನು 5ಕ್ಕೆ ಎತ್ತಿ ಕೊಡುತ್ತದೆ. ಅದನ್ನು ಕಂಟ್ರೋಲರಿನ ಪಕ್ಕದಲ್ಲೇ ಹಾಕಿ. ಮೊದಲ ಬಲ್ಬಿನ ಹತ್ತಿರ ಡೇಟಾ ವೈರಿನಲ್ಲಿ 330 ಅಥವಾ 470 ಓಮಿನ ಒಂದು ರೆಸಿಸ್ಟರ್. ಅದಕ್ಕೂ ಮುಂಚೆ ಕಂಟ್ರೋಲರಿನ ಗ್ರೌಂಡ್, ಅಂದರೆ ಮೈನಸ್, ಮತ್ತು ಸಪ್ಲೈಯ ಗ್ರೌಂಡ್ ಕೂಡಿದೆಯಾ ನೋಡಿ. ಅರ್ಧ ಮಿಣುಕು ಅಲ್ಲೇ ನಿಲ್ಲುತ್ತದೆ.

ಮೊದಲ ಬಲ್ಬಿನಿಂದಲೇ ಹುಚ್ಚಾಟ ಶುರುವಾದರೆ ಕಂಟ್ರೋಲರ್ ಕಡೆ ನೋಡಿ. ನಡುವಿಂದ ಶುರುವಾದರೆ ಜಾಯಿಂಟ್. ಏನೂ ಬರುತ್ತಲೇ ಇಲ್ಲ ಅಂದರೆ ಹೆಚ್ಚಾಗಿ ಸರವನ್ನು ತಿರುಗುಮುರುಗು ಸಿಕ್ಕಿಸಿದ್ದೀರಿ. ಡೇಟಾ ಒಂದೇ ದಿಕ್ಕಿಗೆ ಹೋಗುತ್ತದೆ. ಪಟ್ಟಿಯ ಮೇಲೆ ಬಾಣ ಇರುತ್ತದೆ, ಬುಲೆಟ್ಟಿನಲ್ಲಿ ಎಷ್ಟೋ ಸಲ ಏನೂ ಇರಲ್ಲ. ವೈರಿನ ಬಣ್ಣ ನಂಬಬೇಡಿ, ಒಂದೊಂದು ಕಾರ್ಖಾನೆಯದು ಒಂದೊಂದು ಥರ. ನಾನು ಟೆಸ್ಟ್ ಆದ ಪ್ರತಿ ಸರದ ಒಳಬರುವ ತುದಿಗೆ ಕೆಂಪು ನೈಲ್ ಪಾಲಿಶ್ ಹಚ್ಚುತ್ತೇನೆ. ಮಳೆಗೆ ಹೋಗಲ್ಲ, ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಕಾಣುತ್ತದೆ. ಹಬ್ಬದ ತಿಂಗಳು ನನ್ನ ಮಗಳು ತನ್ನ ಶೀಶೆಯನ್ನು ಬಚ್ಚಿಡುತ್ತಾಳೆ.

ಮಳೆ. ಗಣಪತಿ, ದಸರಾ ಎರಡೂ ಮಳೆಗಾಲದಲ್ಲೇ. ಬುಲೆಟ್ ಬಲ್ಬಿನೊಳಗೆ ಅಂಟು ತುಂಬಿರುತ್ತಾರೆ, ಅದರಲ್ಲಿ ನೀರು ಅಷ್ಟು ಸುಲಭಕ್ಕೆ ಇಳಿಯಲ್ಲ. ನೀರು ಹೋಗೋದು ನೀವು ಮಾಡಿದ ಜಾಯಿಂಟಿನೊಳಗೆ. ಹಾಗಾಗಿ ಜಾಯಿಂಟನ್ನು ಬಕೆಟ್ಟಿನಲ್ಲಿ ಮುಳುಗಿಸಿ ಒಂದು ಗಂಟೆ ಉರಿಸಿ. ಐದು ವೋಲ್ಟು, ಏನೂ ಆಗಲ್ಲ. ಸಪ್ಲೈ ಮಾತ್ರ ಬಕೆಟ್ಟಿನಿಂದ ದೂರ, ಮೇಜಿನ ಮೇಲೆ ಇರಲಿ. ಆಮೇಲೆ ತೆಗೆದು ಆ ಕಪ್ಪಿನ ಅಳತೆ ಇನ್ನೊಮ್ಮೆ ಮಾಡಿ. ಏರಿದ್ದರೆ ಜಾಯಿಂಟ್ ಬಿಚ್ಚಿ. ಬರೀ ಇನ್ಸುಲೇಷನ್ ಟೇಪ್ ಸುತ್ತಿದ್ದಾದರೆ ಖಂಡಿತ ಏರಿರುತ್ತದೆ. ಒಳಗೆ ಅಂಟಿರುವ ಹೀಟ್ ಶ್ರಿಂಕ್ ಹಾಕಿ, ಬಿಸಿ ಮಾಡಿದರೆ ಮುದುಡಿ ಜಾಯಿಂಟನ್ನು ಬಿಗಿಯುವ ಕೊಳವೆ.

ಇಲ್ಲೊಂದು ಮಾತು ತಮಾಷೆಯಿಲ್ಲದೆ ಹೇಳುತ್ತೇನೆ. ಬಲ್ಬು ಐದು ವೋಲ್ಟಿನದು ಅಂತ ಎಲ್ಲರಿಗೂ ಧೈರ್ಯ. ಆದರೆ ಸಪ್ಲೈ ಡಬ್ಬಿಯ ಒಂದು ತುದಿಯಲ್ಲಿ 230 ವೋಲ್ಟು ಬರಿ ಸ್ಕ್ರೂ ಮೇಲೆ ನಿಂತಿರುತ್ತದೆ. ಅದನ್ನು ಕಬ್ಬಿಣದ ಪೈಪಿಗೆ ದಾರದಲ್ಲಿ ಕಟ್ಟಿ, ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿರೋದನ್ನು ನೋಡಿದ್ದೇನೆ. ಕೆಳಗೆ ಮಕ್ಕಳು ಅದೇ ಪೈಪ್ ಹಿಡಿದು ಜೋತಾಡುತ್ತಿದ್ದರು. ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕದೆ, ಅರ್ತ್ ಕೊಡದೆ ಸಪ್ಲೈ ಆನ್ ಮಾಡಬೇಡಿ. ಆರ್‌ಸಿಸಿಬಿ ಮೇಲೆ ಟೆಸ್ಟ್ ಬಟನ್ ಇರುತ್ತದೆ. ದಿನಾ ಸಂಜೆ ಅದನ್ನೊಮ್ಮೆ ಒತ್ತಿ. ಒತ್ತಿದಾಗ ಅದು ತಾನೇ ಆಫ್ ಆಗದಿದ್ದರೆ ಅವತ್ತು ಲೈಟಿಂಗ್ ಬೇಡ.

ಬಕೆಟ್ ಆದಮೇಲೆ ಒಂದು ರಾತ್ರಿ ಪೂರ್ತಿ ಉರಿಯಲು ಬಿಡಿ. ಸಾಯಬೇಕಾದ ಬಲ್ಬು ಹೆಚ್ಚಾಗಿ ಮೊದಲ ಕೆಲವು ಗಂಟೆಯಲ್ಲೇ ಸಾಯುತ್ತದೆ. ನಿಮ್ಮ ಮನೆಯ ಗೋಡೆ ಮೇಲೆ ಸತ್ತರೆ ಸಂತೋಷ, ಕಮಾನಿನ ಮೇಲೆ ಸತ್ತರೆ ಏಣಿ. ಬೆಳಗ್ಗೆ ಎದ್ದು ತೀರಾ ಮಂಕು ಬೆಳಕಿನಲ್ಲಿ ಒಮ್ಮೆ ಹಾಕಿ ನೋಡಿ, ಪೂರ್ತಿ ಬೆಳಕು 255 ಅಂದರೆ ಅದರಲ್ಲಿ ಎರಡೋ ಮೂರೋ. ಪೂರ್ತಿ ಬೆಳಕಿನಲ್ಲಿ ಅಡಗಿದ್ದ ಬಣ್ಣದ ವ್ಯತ್ಯಾಸ ಅಲ್ಲಿ ಕಾಣುತ್ತದೆ.

ಮುಂದೆ ಕೂತವರ ಪ್ರಶ್ನೆ: ಇಷ್ಟೆಲ್ಲ ಮಾಡಿಯೂ ಹಬ್ಬದ ದಿನ ಒಂದು ಬಲ್ಬು ಸತ್ತರೆ? ಬದಲಿ ಇಲ್ಲದಿದ್ದರೆ ಆ ಬಲ್ಬನ್ನು ಕತ್ತರಿಸಿ ತೆಗೆದು, ಮೂರೂ ವೈರನ್ನು ನೇರ ಕೂಡಿಸಿ. ಮುಂದಿನವರಿಗೆ ಎಲೆ ಸಿಗುತ್ತದೆ. ಆದರೆ ಎಲ್ಲರೂ ಒಂದೊಂದು ಜಾಗ ಹಿಂದಕ್ಕೆ ಸರಿಯುತ್ತಾರೆ. ಓಡುವ ಬೆಳಕಾದರೆ ಯಾರಿಗೂ ಗೊತ್ತಾಗಲ್ಲ. ಅಕ್ಷರವಾದರೆ ಗೊತ್ತಾಗುತ್ತದೆ. ನಾನು ಒಮ್ಮೆ ಹೀಗೆ ಮಾಡಿ, "ಸ್ವಾಗತ"ದ ಮೂರನೇ ಸಾಲಿನಿಂದಾಚೆ ಎಲ್ಲ ಒಂದು ಬಲ್ಬು ಪಕ್ಕಕ್ಕೆ ಜಾರಿ, ಅಕ್ಷರಗಳು ಸೊಂಟ ಉಳುಕಿದ ಹಾಗೆ ನಿಂತಿದ್ದವು.

ಸರಿ, ಮಾತು ಸಾಕು. ಬಲಗಡೆಯ ಈ ಸರದಲ್ಲಿ ನಾನೇ ಎರಡು ತಪ್ಪು ಇಟ್ಟಿದ್ದೇನೆ. ಒಂದು ಕಣ್ಣಿಗೆ ಕಾಣುತ್ತದೆ, ಇನ್ನೊಂದು ಕಾಣಲ್ಲ. ಮೀಟರ್ ಅಲ್ಲಿದೆ, ಬಕೆಟ್ ಕಿಟಕಿ ಹತ್ತಿರ ಇದೆ. ಮೊದಲ ಬೆಂಚಿನವರು ಬನ್ನಿ.